ಹುತ್ತವಿದ್ದರೆ ತುತ್ತು: ಮರಿಹಾವಿನ ಊಟದ ಸೂಕ್ಷ್ಮಗಳು

ಹಾವಿನ ಮರಿಯೊಂದು ಮುಂದಿಟ್ಟ ಆಹಾರವನ್ನು ಮುಟ್ಟದೆ ಸುರುಳಿ ಸುತ್ತಿ ಮೂಲೆ ಹಿಡಿದಾಗ, ಅದಕ್ಕೆ ಹಸಿವಿಲ್ಲವೆಂದೋ ಕಾಯಿಲೆಯಾಗಿದೆಯೆಂದೋ ಹಟ ಹಿಡಿದಿದೆಯೆಂದೋ ತಿಳಿಯುವವರೇ ಹೆಚ್ಚು. ಸರೀಸೃಪಗಳ, ಅಂದರೆ ಹಾವು, ಹಲ್ಲಿ, ಆಮೆ, ಮೊಸಳೆಗಳನ್ನೊಳಗೊಂಡ ಪ್ರಾಣಿವರ್ಗದ ಪಾಲನೆಯನ್ನು ಬಲ್ಲವರು ಮಾತ್ರ ಈ ನಿರಾಕರಣೆಯಲ್ಲಿ ಮೊದಲು ಭಯವನ್ನು ಗುರುತಿಸುತ್ತಾರೆ. ಬೇಟೆಯನ್ನು ಅಗಿಯದೆ ಇಡಿಯಾಗಿ ನುಂಗುವ ಹಾವಿಗೆ ಊಟದ ಹೊತ್ತೇ ಅತ್ಯಂತ ಅಪಾಯದ ಹೊತ್ತು. ನುಂಗುತ್ತಿರುವಾಗ ಅದರ ಬಾಯಿ ಆತ್ಮರಕ್ಷಣೆಗೆ ಒದಗುವುದಿಲ್ಲ, ನುಂಗಿದ ಮೇಲೆ ಉಬ್ಬಿದ ಒಡಲನ್ನು ಹೊತ್ತು ವೇಗವಾಗಿ ಹರಿದುಹೋಗಲು ಆಗುವುದಿಲ್ಲ, ಜೀರ್ಣವಾಗುವ ಮೂರು ನಾಲ್ಕು ದಿನಗಳ ಕಾಲ ಹದ್ದು, ಮುಂಗುಸಿಗಳ ಕಣ್ಣಿಗೆ ಬೀಳದೆ ಅಡಗಿರಲೇಬೇಕಾಗುತ್ತದೆ. ಹೀಗಾಗಿ ತನಗೊಂದು ಮರೆಯಿದೆ ಎಂಬ ಭರವಸೆ ಹುಟ್ಟುವವರೆಗೆ ಮರಿ ಬಾಯಿ ತೆರೆಯುವುದಿಲ್ಲ. ಅದಕ್ಕೆ ನೆಮ್ಮದಿಯಿಂದ ಉಣಿಸುವ ವಿದ್ಯೆಯ ಬಹುಪಾಲು ಆ ಮರೆಯನ್ನು ಒದಗಿಸಿ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿದೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ತುಂಗಭದ್ರೆಯ ಕಾಲುವೆಗಳು ಹಸಿರಾಗಿಸಿದ ಭತ್ತದ ಗದ್ದೆ, ಬಾಳೆತೋಟ, ಕಬ್ಬಿನ ಹೊಲಗಳೂ ಹಂಪಿಯ ಹೆಬ್ಬಂಡೆಗಳ ಸಂದುಗಳೂ ಸಂಡೂರಿನ ಗುಡ್ಡಗಳ ಕುರುಚಲು ಕಾಡೂ ಹಾವುಗಳಿಗೆ ಒಳ್ಳೆಯ ನೆಲೆಗಳು; ಅರಳಿ ಬೇವಿನ ಕಟ್ಟೆಗಳ ಮೇಲೆ ನಾಗರಕಲ್ಲುಗಳನ್ನು ಪ್ರತಿಷ್ಠಾಪಿಸಿ ಶ್ರಾವಣದಲ್ಲಿ ಹಾಲೆರೆಯುವ ಸಂಪ್ರದಾಯವೂ ಇಲ್ಲಿ ಆಳವಾಗಿ ಬೇರೂರಿದೆ. ಹಾವಿಗೆ ಉಣಿಸಬೇಕೆಂಬ ಹಂಬಲ ಇರುವಲ್ಲಿ ಹಾವು ಹೇಗೆ ಉಣ್ಣುತ್ತದೆ ಎಂಬ ತಿಳಿವಳಿಕೆಯೂ ಇರಬೇಕಾದುದು ನ್ಯಾಯ.

ಕಾನೂನು ಎಳೆದ ಗೆರೆ

ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಮೊದಲಾದ ಈ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ. ಹೆಬ್ಬಾವಿನಂತೆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಗಳ ವಿಷಯದಲ್ಲಿ ತಪ್ಪಿತಸ್ಥರಿಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿಗಳ ದಂಡ ವಿಧಿಸಬಹುದಾಗಿದೆ. ಹೀಗಾಗಿ ಭಾರತದಲ್ಲಿ ಕಾನೂನುಬದ್ಧ ಸಾಕುಹಾವು ಎಂದರೆ ಹೊರದೇಶದ ಹಾವು ಎಂದೇ ಅರ್ಥ. ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗಗಳ ಬಾಲ್ ಪೈಥಾನ್ ಎಂಬ ಚಿಕ್ಕ ಜಾತಿಯ ಹೆಬ್ಬಾವು, ಅಮೆರಿಕದ ಕಾರ್ನ್ ಸ್ನೇಕ್ ಎಂಬ ವಿಷರಹಿತ ಹಾವು ಇವುಗಳಲ್ಲಿ ಹೆಸರಾದವು. ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು 2022ರ ತಿದ್ದುಪಡಿ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿರುವುದರಿಂದ ಅದನ್ನು ಇಟ್ಟುಕೊಂಡವರು 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕಾಗುತ್ತದೆ.

ಈ ಹಾವುಗಳ ಕಳ್ಳಸಾಗಣೆಯೂ ಕರ್ನಾಟಕಕ್ಕೆ ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದು ವಾರಸುದಾರರಿಲ್ಲದೆ ಉಳಿದ ಸಾಮಾನಿನಲ್ಲಿ ಸುಂಕದ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕಿದವು. ಅವುಗಳಲ್ಲಿ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗಸರ್ಪಗಳೂ ಇದ್ದವು, ಜೊತೆಗಿದ್ದ ಆರು ಕೋತಿಗಳು ಸತ್ತಿದ್ದವು. ಚೀಲದಲ್ಲಿ ತುರುಕಿ ಸಮುದ್ರ ದಾಟಿಸಿದ ಇಂಥ ಮರಿ ವಾರಗಟ್ಟಲೆ ಆಹಾರ ಮುಟ್ಟದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಕುವ ಆಸೆಯುಳ್ಳವರು ದಾಖಲೆಯುಳ್ಳ, ಸಾಕಣೆಯಲ್ಲೇ ಹುಟ್ಟಿ ಈಗಾಗಲೇ ಕೆಲವು ಸಲ ತಾನಾಗಿ ಉಂಡು ರೂಢಿಯಾದ ಮರಿಯನ್ನಷ್ಟೇ ಪಡೆಯಬೇಕೆಂಬ ನಿಯಮಕ್ಕೆ ಕಾನೂನು ಒಂದು ಕಾರಣವಾದರೆ ಮರಿಯ ಊಟ ಇನ್ನೊಂದು ಕಾರಣ.

ಬದುವಿನ ಬಿರುಕಿನಲ್ಲಿ ಮೊದಲ ಬೇಟೆ

ಮರಿಹಾವಿನ ಊಟದ ಸಹಜ ಕ್ರಮವನ್ನು ಅರಿಯಲು ಕಂಪ್ಲಿ ಸೀಮೆಯ ಭತ್ತದ ಗದ್ದೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ನಾಗರಹಾವು ಬೇಸಿಗೆಯಲ್ಲಿ ಇಲಿಬಿಲದಲ್ಲೋ ಹುತ್ತದಲ್ಲೋ ಹತ್ತರಿಂದ ಮೂವತ್ತರವರೆಗೆ ಮೊಟ್ಟೆಗಳನ್ನಿಡುತ್ತದೆ. ಸುಮಾರು ಎರಡು ತಿಂಗಳಲ್ಲಿ, ಮಳೆ ಹಿಡಿದು ಕಪ್ಪೆ ಹಲ್ಲಿಗಳ ಮರಿಗಳು ಹೇರಳವಾಗಿರುವ ಹೊತ್ತಿಗೆ ಸರಿಯಾಗಿ, ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿರುವ ಮರಿಗಳು ತೊಗಲಿನಂಥ ಚಿಪ್ಪನ್ನು ಸೀಳಿಕೊಂಡು ಹೊರಬರುತ್ತವೆ. ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು, ಸ್ನಾಯುಗಳನ್ನು ನಡುಗಿಸುತ್ತಾ ತನ್ನ ಮೈಯ ಕಾವನ್ನು ಕೊಡುತ್ತದೆ. ಕೊಳಕುಮಂಡಲ ಮೊಟ್ಟೆಯಿಡದೆ ನೇರವಾಗಿ ಮರಿಗಳನ್ನೇ ಹಾಕುತ್ತದೆ. ಆದರೆ ಹುಟ್ಟಿದ ಮರಿಗೆ ಆಹಾರ ತಂದು ಉಣಿಸುವ ತಾಯಿ ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ.

ತಾಯಿಯ ಆರೈಕೆಯಿಲ್ಲದ ಈ ಮರಿಗೆ ಪ್ರಕೃತಿ ಬುತ್ತಿ ಕಟ್ಟಿಯೇ ಕಳಿಸಿರುತ್ತದೆ. ಮೊಟ್ಟೆಯೊಳಗಿನ ಹಳದಿ ಭಂಡಾರದ, ಅಂದರೆ ಭ್ರೂಣಕ್ಕೆ ಪೋಷಣೆ ಕೊಡುವ ಕೊಬ್ಬಿನಂಶದ ಉಳಿಕೆಯನ್ನು ಮರಿ ಹೊಟ್ಟೆಯೊಳಗೆ ಸೆಳೆದುಕೊಂಡೇ ಹುಟ್ಟುವುದರಿಂದ ಮೊದಲ ಒಂದೆರಡು ವಾರ ಅದಕ್ಕೆ ಹೊರಗಿನ ಆಹಾರ ಬೇಕಾಗುವುದಿಲ್ಲ. ಸಾಮಾನ್ಯವಾಗಿ ಮೊದಲ ಪೊರೆ ಕಳಚಿದ ಮೇಲೆಯೇ ಅದು ಬೇಟೆಗೆ ತೊಡಗುತ್ತದೆ. ಆ ಮೊದಲ ಬೇಟೆಯೂ ಇಲಿಯೇ ಆಗಿರಬೇಕೆಂದಿಲ್ಲ. ನೀರುಹಾವಿನ ಮರಿ ಗೊದಮೊಟ್ಟೆಯನ್ನೂ ಪುಟ್ಟ ಕಪ್ಪೆಯನ್ನೂ ಹಿಡಿದರೆ, ನಾಗರದ ಮರಿ ಕಪ್ಪೆಯನ್ನೋ ಹಲ್ಲಿಯನ್ನೋ ಹಿಡಿಯುತ್ತದೆ. ದೊಡ್ಡದಾದ ಮೇಲೆ ಇಲಿಗಳ ವೈರಿಯೆನಿಸುವ ಹಾವು ಮರಿಯಾಗಿದ್ದಾಗ ತನ್ನ ಬಾಯಿಗೆ ಹಿಡಿಸುವ ಬೇರೆಯದೇ ಆಹಾರಕ್ಕೆ ಒಗ್ಗಿರುತ್ತದೆ ಎಂಬ ಸಂಗತಿ ಸಾಕುವವರ ಅನೇಕ ಕಷ್ಟಗಳಿಗೆ ಕೀಲಿಕೈ. ಕಾರ್ನ್ ಸ್ನೇಕ್ ಮರಿಗಳಲ್ಲಿ ಕೆಲವು ಸಾಕಣೆಯಲ್ಲಿ ಇಲಿಮರಿಯನ್ನು ಆಹಾರವೆಂದೇ ಗುರುತಿಸದಿರುವುದು ಇದೇ ಕಾರಣಕ್ಕೆ. ಕಾಡಿನಲ್ಲಿ ಅವುಗಳ ಮೊದಲ ತುತ್ತು ಬಹುಮಟ್ಟಿಗೆ ಹಲ್ಲಿ ಮತ್ತು ಮರಗಪ್ಪೆ.

ಕಾವು, ಮರೆ, ವಾಸನೆ, ಅಳತೆ

ಹಾವು ಶೀತರಕ್ತ ಪ್ರಾಣಿ ಎಂದರೆ ಅದರ ರಕ್ತ ಸದಾ ತಣ್ಣಗಿರುತ್ತದೆ ಎಂದಲ್ಲ. ಮೈಯ ಕಾವನ್ನು ಬಹುಮಟ್ಟಿಗೆ ತಾನೇ ಹುಟ್ಟಿಸಿಕೊಳ್ಳದೆ ಬಿಸಿಲು, ಕಲ್ಲು, ನೆರಳುಗಳಿಂದ ಬೇಕಾದಷ್ಟನ್ನು ಪಡೆದುಕೊಳ್ಳುತ್ತದೆ ಎಂದರ್ಥ. ಒಂದು ಊಟವನ್ನು ಅರಗಿಸುವುದು ಅದರ ಒಡಲಿಗೆ ಎಷ್ಟು ದೊಡ್ಡ ಕೆಲಸವೆಂದರೆ, ಬರ್ಮಾ ಹೆಬ್ಬಾವುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಭಾರಿ ಊಟದ ಬಳಿಕ ಎರಡೇ ದಿನಗಳಲ್ಲಿ ಹೃದಯದ ತೂಕ ಸುಮಾರು ಶೇ 40ರಷ್ಟು ಹೆಚ್ಚುವುದನ್ನು 2005ರಲ್ಲಿ ವರದಿ ಮಾಡಿದರು. ಕರುಳಿನ ಒಳಪದರವೂ ಆಗ ದಪ್ಪಗಾಗುತ್ತದೆ. ಇಷ್ಟೆಲ್ಲ ನಡೆಯಲು ಕಾವು ಬೇಕು. ಕಾವು ಸಾಲದಿದ್ದರೆ ನುಂಗಿದ್ದು ಜೀರ್ಣವಾಗುವ ಮೊದಲು ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕುತ್ತದೆ. ಬಾಲ್ ಪೈಥಾನ್ ಮರಿಯ ಪೆಟ್ಟಿಗೆಯ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕೆಂಬ ನಿಯಮದ ಹಿಂದೆ, ಎಷ್ಟು ಕಾವು ಬೇಕೆಂಬ ನಿರ್ಧಾರವನ್ನು ಹಾವಿಗೇ ಬಿಡುವ ವಿವೇಕವಿದೆ. ಹೊಸಪೇಟೆಯ ಮೇ ತಿಂಗಳ ಮಧ್ಯಾಹ್ನದಲ್ಲಿ ಕಷ್ಟ ತಿರುವು ಮುರುವು: 40 ಡಿಗ್ರಿ ಮುಟ್ಟುವ ಬಿಸಿಲಿನಲ್ಲಿ ಕಿಟಕಿಯ ಬಳಿಯ ಗಾಜಿನ ಪೆಟ್ಟಿಗೆ ಒಲೆಯಾಗಿಬಿಡುತ್ತದೆ, ಮರಿ ಉಣ್ಣುವುದಿರಲಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಡಿಸೆಂಬರ್‌ನ ಚಳಿರಾತ್ರಿಗಳಲ್ಲಿ ಅದೇ ಮನೆಯಲ್ಲಿ ಕಾವು ಕೊಡುವ ಏರ್ಪಾಟು ಬೇಕಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಎರಡೂ ತುದಿಗಳಲ್ಲಿ ಉಷ್ಣಮಾಪಕ ಇರುವುದು ಅನಿವಾರ್ಯ.

ಎರಡನೆಯದು ಮರೆ. ಬಾಲ್ ಪೈಥಾನಿನ ಹೆಸರೇ ಅದರ ಸ್ವಭಾವವನ್ನು ಹೇಳುತ್ತದೆ. ಹೆದರಿದಾಗ ಅದು ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಹುಟ್ಟಿದ ನೆಲದಲ್ಲಿ ಅದು ಹಗಲನ್ನು ಕಳೆಯುವುದು ಇಲಿಬಿಲಗಳಲ್ಲಿ ಮತ್ತು ಗೆದ್ದಲ ಹುತ್ತಗಳಲ್ಲಿ. ಗೆದ್ದಲು ಕಟ್ಟಿದ ಹುತ್ತವನ್ನು ಹಾವು ಸೇರಿತೆಂದು ಕನ್ನಡದ ಗಾದೆ ಆಡಿಕೊಂಡರೂ, ಹೊರಗೆ ಸುಡುಬಿಸಿಲಿರುವಾಗ ಒಳಗೆ ತಂಪನ್ನೂ ತೇವವನ್ನೂ ಕತ್ತಲನ್ನೂ ಕಾಯ್ದಿಡುವ ಆ ಮಣ್ಣಿನ ಗೂಡು ಹಾವಿಗೆ ಪ್ರಾಣರಕ್ಷಕ. ಅದಕ್ಕಾಗಿ ಸಾಕುಪೆಟ್ಟಿಗೆಯಲ್ಲಿಯೂ ಹುತ್ತಕ್ಕೆ ಸಮನಾದ ಅಡಗುತಾಣಗಳು ಎರಡಾದರೂ ಬೇಕು, ಒಂದು ಬೆಚ್ಚನೆಯ ತುದಿಯಲ್ಲಿ, ಇನ್ನೊಂದು ತಂಪಿನ ತುದಿಯಲ್ಲಿ. ಅಂಚಿನಲ್ಲಿ ಹಾವು ನುಸುಳುವಷ್ಟು ಒಡೆದು, ಚೂಪು ಉಜ್ಜಿ, ಕವುಚಿಟ್ಟ ಮಣ್ಣಿನ ಕುಡಿಕೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಅದರ ಒಳಗೋಡೆ ಸುರುಳಿಯ ಮೈಗೆ ಸುತ್ತಲೂ ತಾಗುವಷ್ಟು ಇಕ್ಕಟ್ಟಾಗಿರಬೇಕು. ವಿಶಾಲವಾದ ಜಾಗದಲ್ಲಿ ಮರಿಗೆ ಭದ್ರತೆಯ ಭಾವ ಬರುವುದಿಲ್ಲ. ಮರಿಯ ಸುಖಕ್ಕೆಂದು ದೊಡ್ಡ ಗಾಜಿನ ಪೆಟ್ಟಿಗೆ ತಂದು ನಡುಮನೆಯಲ್ಲಿಟ್ಟವರ ಪ್ರೀತಿಯೇ ಎಷ್ಟೋ ಸಲ ಆ ಮರಿಯ ಉಪವಾಸಕ್ಕೆ ಕಾರಣವಾಗಿರುತ್ತದೆ.

ಮೂರನೆಯದು ವಾಸನೆ. ಹಾವು ನಾಲಿಗೆಯನ್ನು ಹೊರಚಾಚಿ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಬಾಯಿಯ ಮೇಲ್ಭಾಗದಲ್ಲಿರುವ ಜಾಕಬ್‌ಸನ್ ಅಂಗಕ್ಕೆ, ಅಂದರೆ ಮೂಗಿನಿಂದ ಬೇರೆಯಾದ ಒಂದು ವಿಶೇಷ ವಾಸನೇಂದ್ರಿಯಕ್ಕೆ ಮುಟ್ಟಿಸುತ್ತದೆ. ಮುಂದಿರುವುದು ಊಟವೋ ಅಪಾಯವೋ ಎಂಬ ತೀರ್ಪು ಅಲ್ಲಿ ಆಗುತ್ತದೆ. ಹೆಬ್ಬಾವಿನ ಕುಲದವಕ್ಕೆ ಇದರ ಜೊತೆಗೆ ತುಟಿಯಂಚಿನಲ್ಲಿ ಬೇಟೆಯ ಮೈಶಾಖವನ್ನು ಗ್ರಹಿಸುವ ಸಣ್ಣ ಕುಳಿಗಳೂ ಇವೆ. ಹಾಗಾಗಿ ಶೀತಲೀಕರಿಸಿದ ಇಲಿಮರಿಯನ್ನು ಸರಿಯಾಗಿ ಬೆಚ್ಚಗೆ ಮಾಡದೆ ಕೊಟ್ಟರೆ ಬಾಲ್ ಪೈಥಾನಿಗೆ ಅದು ಬೇಟೆಯೆಂದೇ ತೋರುವುದಿಲ್ಲ.

ನಾಲ್ಕನೆಯದು ಅಳತೆ. ಹಾವಿನ ಕೆಳದವಡೆಯ ಎರಡು ಭಾಗಗಳು ಮುಂದೆ ಎಲುಬಿನಿಂದ ಬೆಸೆದುಕೊಂಡಿರದೆ ಹಿಗ್ಗುವ ಅಂಗಾಂಶದಿಂದ ಕೂಡಿಕೊಂಡಿರುವುದರಿಂದ ತನ್ನ ತಲೆಗಿಂತ ದಪ್ಪವಾದುದನ್ನೂ ಅದು ನುಂಗಬಲ್ಲದು. ಆದರೂ ಎಳೆಯ ಮರಿಗೆ ಅದರ ಮೈಯ ಅತಿ ದಪ್ಪ ಭಾಗಕ್ಕಿಂತ ದೊಡ್ಡದಾದ ಆಹಾರವನ್ನು ಕೊಡಬಾರದು. ಆರೆಂಟು ಗ್ರಾಂ ತೂಗುವ ಕಾರ್ನ್ ಸ್ನೇಕ್ ಮರಿಗೆ ಇನ್ನೂ ಕೂದಲು ಹುಟ್ಟದ ಸುಂಡಿಲಿಯ ಮರಿ ಸಾಕು, 50 ಗ್ರಾಂ ಮೀರಿದ ಬಾಲ್ ಪೈಥಾನ್ ಮರಿಗೆ ಸ್ವಲ್ಪ ಬಲಿತದ್ದು ಬೇಕು. ಐದರಿಂದ ಏಳು ದಿನಗಳಿಗೆ ಒಂದು ಊಟ ಎಳೆಯ ಮರಿಗೆ ಸಾಮಾನ್ಯ ಕ್ರಮ.

ಒಂದು ಊಟದ ಹೊತ್ತು

ಹೊಸ ಮರಿ ಬಂದ ಮೊದಲ ವಾರ ಕುಡಿಯುವ ನೀರನ್ನು ಬದಲಿಸುವುದರ ಹೊರತು ಅದರ ಸುದ್ದಿಗೆ ಹೋಗದಿರುವುದೇ ಊಟದ ಸಿದ್ಧತೆ. ಬಳಿಕ ಒಂದು ಸಂಜೆ, ಮನೆಯ ಸದ್ದಡಗಿದ ಮೇಲೆ, ರೆಫ್ರಿಜರೇಟರಿನ ಕೆಳಖಾನೆಯಲ್ಲಿ ನಿಧಾನವಾಗಿ ಕರಗಿಸಿದ ಇಲಿಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಟ್ಟಿದರೆ ಸುಡದಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿಟ್ಟು, 37–38 ಡಿಗ್ರಿಯಷ್ಟು ಬೆಚ್ಚಗಾದ ಮೇಲೆ ಒರೆಸಿ ತೆಗೆಯಲಾಗುತ್ತದೆ. ಉದ್ದನೆಯ ಚಿಮಟದಲ್ಲಿ ಅದನ್ನು ಬೆನ್ನಿನ ಕಡೆಯಿಂದ ಹಿಡಿದು ಅಡಗುತಾಣದ ಬಾಗಿಲ ಬಳಿ, ತಲೆ ಹಾವಿನ ಕಡೆಗಿರುವಂತೆ, ಕೊಂಚ ದೂರದಲ್ಲಿ ಹಿಡಿಯಬೇಕು. ಕುಡಿಕೆಯ ಕತ್ತಲಲ್ಲಿ ಮೊದಲು ನಾಲಿಗೆಯಷ್ಟೇ ಕಾಣುತ್ತದೆ; ಅಲ್ಲೊಮ್ಮೆ ಇಲ್ಲೊಮ್ಮೆ ಆಡುತ್ತಿದ್ದ ಅದು ಬರಬರುತ್ತಾ ಒಂದೇ ದಿಕ್ಕಿಗೆ ತಿರುಗಿ ಬೇಗ ಬೇಗ ಹೊರಬರತೊಡಗಿದರೆ ಮರಿಗೆ ಆಸಕ್ತಿ ಹುಟ್ಟಿದೆಯೆಂದು ತಿಳಿಯಬೇಕು. ಮರಿ ಕುತ್ತಿಗೆಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಹಿಂದಕ್ಕೆ ಮಡಚಿ, ಎರಗಿ, ಹಿಡಿದು, ಎರಡು ಮೂರು ಸುತ್ತು ಬಿಗಿದ ಮೇಲೆ ಚಿಮಟವನ್ನು ಮೆಲ್ಲಗೆ ಹಿಂದೆಗೆದು ಅಲ್ಲಿಂದ ಸರಿಯಬೇಕು. ಸ್ವಲ್ಪ ಹೊತ್ತಿನ ಮೇಲೆ ಸುರುಳಿ ಸಡಿಲವಾಗಿ, ಬೇಟೆಯ ತಲೆಯನ್ನು ಹುಡುಕಿ, ಒಂದು ಬದಿಯ ದವಡೆ ಮುಂದಕ್ಕೆ, ಆಮೇಲೆ ಇನ್ನೊಂದು ಬದಿಯದು ಎಂಬಂತೆ ಹಾವು ಬೇಟೆಯ ಮೇಲೆ ನಡೆದುಹೋಗುತ್ತದೆ. ಬಾಯಿ ತುಂಬಿರುವಾಗಲೂ ಉಸಿರು ಕಟ್ಟದಂತೆ ಶ್ವಾಸನಾಳದ ತುದಿ ಕೊಳವೆಯಂತೆ ಹೊರಗೆ ಚಾಚಿಕೊಂಡಿರುತ್ತದೆ. ಈ ಹೊತ್ತಿನಲ್ಲಿ ಮೊಬೈಲಿನ ಬೆಳಕು ಬಿದ್ದರೆ, ಬಾಗಿಲು ಬಡಿದುಕೊಂಡರೆ, ಅರ್ಧ ನುಂಗಿದ್ದನ್ನು ಬಿಟ್ಟು ಮರಿ ಒಳಸೇರುವುದುಂಟು. ಊಟವಾದ ಮೇಲೆ ಕನಿಷ್ಠ 48 ಗಂಟೆ ಅದನ್ನು ಕೈಗೆತ್ತಿಕೊಳ್ಳಬಾರದು.

ಜೀವಂತ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಡುವ ರೂಢಿ ಎರಡು ಜೀವಗಳಿಗೂ ಕೇಡು. ಹಾವು ಹಸಿಯದಿದ್ದರೆ ಇಲಿಯೇ ಅದನ್ನು ಕಚ್ಚಿ ಗಾಯ ಮಾಡುತ್ತದೆ. ಗದ್ದೆಯಲ್ಲಿ ಹಿಡಿದ ಇಲಿಯಂತೂ ಸಲ್ಲದು, ಏಕೆಂದರೆ ಭತ್ತದ ಸೀಮೆಯಲ್ಲಿ ಬಳಸುವ ಇಲಿಪಾಷಾಣದ ಅಂಶ ಅದರ ಒಡಲಲ್ಲಿದ್ದರೆ ಹಾವಿಗೂ ದಾಟುತ್ತದೆ. ಕೋಳಿಮಾಂಸದ ತುಣುಕುಗಳೂ ಇಡೀ ಬೇಟೆಗೆ ಸಮನಾಗುವುದಿಲ್ಲ. ಎಲುಬಿನ ಸುಣ್ಣದಂಶ, ಯಕೃತ್ತಿನ ಜೀವಸತ್ವ ಎಲ್ಲವೂ ಸೇರಿದ ಇಡಿಯಾದ ಪ್ರಾಣಿಯೇ ಹಾವಿಗೆ ಪೂರ್ಣಾಹಾರ.

ಮರಿ ಒಲ್ಲೆನೆಂದಾಗ

ಮರಿ ಉಣ್ಣದಿದ್ದಾಗ ಮೊದಲು ಮಾಡಬೇಕಾದದ್ದು ಕಾರಣಗಳನ್ನು ಒಂದೊಂದಾಗಿ ನೋಡುವುದು. ಕಣ್ಣು ನೀಲಿ ಬೆರೆತ ಹಾಲಿನಂತೆ ಮಸುಕಾಗಿದ್ದರೆ ಪೊರೆ ಬಿಡುವ ಕಾಲ ಬಂದಿದೆ, ಅದು ಮುಗಿಯುವವರೆಗೆ ಕಾಯಬೇಕು. ಕಾವು, ತೇವ, ಅಡಗುತಾಣ ಮೂರೂ ಸರಿಯಿದ್ದರೆ ಆಹಾರವನ್ನು ಚಿಮಟದಲ್ಲಿ ಆಡಿಸದೆ ರಾತ್ರಿ ಕುಡಿಕೆಯ ಬಾಗಿಲಲ್ಲಿ ಇಟ್ಟು ಬೆಳಗಿನವರೆಗೆ ನೋಡಬಹುದು. ಗಾತ್ರವನ್ನು ಇನ್ನೂ ಚಿಕ್ಕದು ಮಾಡಬಹುದು. ಹಲ್ಲಿಗೆ ಒಗ್ಗಿದ ಜಾತಿಯಾದರೆ ಇಲಿಮರಿಗೆ ಹಲ್ಲಿಯ ವಾಸನೆ ಹತ್ತಿಸುವ ಪದ್ಧತಿಯೂ ಇದೆ. ಪ್ರತಿದಿನ ಮತ್ತೆ ಮತ್ತೆ ಮುಂದೊಡ್ಡುವುದು ಮಾತ್ರ ತಪ್ಪು, ಅದರಿಂದ ಆಹಾರದ ವಾಸನೆಯೇ ಭಯದ ಗುರುತಾಗಿಬಿಡುತ್ತದೆ. ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ಐದಾರು ದಿನಗಳ ಅಂತರವಿರಬೇಕು.

ಉಂಡದ್ದನ್ನು ಕಕ್ಕಿದ ಮರಿಗೆ ಕೂಡಲೇ ಮತ್ತೆ ಕೊಡುವುದು ಇನ್ನೊಂದು ತಪ್ಪು. ಕಕ್ಕುವಾಗ ಹೊಟ್ಟೆಯ ಆಮ್ಲವೂ ಹೊರಹೋಗಿ ಅನ್ನನಾಳ ಸುಟ್ಟಂತಾಗಿರುವುದರಿಂದ ಹತ್ತರಿಂದ ಹದಿನಾಲ್ಕು ದಿನ ಬರಿಯ ನೀರಿನಲ್ಲಿಟ್ಟು, ಮುಂದಿನ ಊಟವನ್ನು ಮೊದಲಿನ ಅರ್ಧದಷ್ಟು ಕೊಡಬೇಕು. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡರೆ ಊಹೆಗೆ ಎಡೆಯಿರುವುದಿಲ್ಲ. ತೂಕ ಹತ್ತನೆಯ ಒಂದು ಪಾಲಿನಷ್ಟು ಇಳಿದರೆ, ಬಾಯಲ್ಲಿ ಲೋಳೆ ಕಂಡರೆ, ಉಸಿರಾಟದಲ್ಲಿ ಗೊರಗೊರ ಸದ್ದಿದ್ದರೆ ಸರೀಸೃಪಗಳ ಅನುಭವವುಳ್ಳ ಪಶುವೈದ್ಯರಿಗೆ ತೋರಿಸಬೇಕು. ಗಂಟಲಿಗೆ ಆಹಾರ ತುರುಕುವುದು ಅವರೇ ಕೊನೆಯ ಉಪಾಯವಾಗಿ ಮಾಡಬೇಕಾದ ಕೆಲಸ. ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನೂ ಮರೆಯಬಾರದು.

ಹಾಲು ಮತ್ತು ಹಾವು

ಹಾಲು ಮೊಲೆಯುಣಿಸುವ ಪ್ರಾಣಿಗಳ ಮರಿಗಳಿಗಾಗಿ ಇರುವ ಆಹಾರ. ಮೊಟ್ಟೆಯ ಹಳದಿಯನ್ನೇ ಬುತ್ತಿಯಾಗಿ ಪಡೆದು ಹುಟ್ಟುವ ಹಾವಿನ ಜೀರ್ಣಾಂಗ ಅದಕ್ಕಾಗಿ ರೂಪುಗೊಂಡಿಲ್ಲ. ಹಾವಾಡಿಗರ ಬುಟ್ಟಿಯಲ್ಲಿನ ನಾಗರಹಾವು ನಾಗರಪಂಚಮಿಯ ದಿನ ಹಾಲು ಕುಡಿದಂತೆ ಕಂಡರೆ, ದಿನಗಟ್ಟಲೆ ನೀರಿಲ್ಲದೆ ಬಾಯಾರಿದ ಪ್ರಾಣಿ ಸಿಕ್ಕ ದ್ರವಕ್ಕೆ ಬಾಯಿ ಹಚ್ಚಿದೆ ಎಂದಷ್ಟೇ ಅರ್ಥ. ಹಾಗೆ ಕುಡಿದ ಹಾಲು ಶ್ವಾಸನಾಳವನ್ನು ಹೊಕ್ಕರೆ ಪುಪ್ಪುಸ ಕೆಟ್ಟು ಹಾವು ಸಾಯುತ್ತದೆ. ಹಲ್ಲು ಕಿತ್ತ ಬಾಯಿಯ ಹುಣ್ಣೂ ತಲೆಗೆ ಹಚ್ಚಿದ ಕುಂಕುಮವೂ ಅದರ ಸಂಕಟವನ್ನು ಹೆಚ್ಚಿಸುತ್ತವೆ. ಆದರೆ ಈ ಸೀಮೆಯ ಪಂಚಮಿಯ ಮನೆಯ ಆಚರಣೆಯಲ್ಲಿ ಜೀವಂತ ಹಾವಿಗೆ ಯಾವ ಪಾತ್ರವೂ ಇಲ್ಲ ಎಂಬುದು ಗಮನಾರ್ಹ. ಮಣ್ಣಿನ ನಾಗಪ್ಪನಿಗೋ ಕಟ್ಟೆಯ ಮೇಲಿನ ಕಲ್ಲಿಗೋ ಮನೆಯವರೊಬ್ಬೊಬ್ಬರ ಪಾಲೆಂದು ಕೊಬ್ಬರಿ ಬಟ್ಟಲಿನಿಂದ ಹಾಲೆರೆದು, ಅಳ್ಳು, ಎಳ್ಳುಂಡೆ, ಶೇಂಗಾದುಂಡೆಗಳನ್ನು ನೈವೇದ್ಯ ಮಾಡಿ, ಮಕ್ಕಳು ಜೋಕಾಲಿ ಆಡುವ ಈ ಹಬ್ಬದಲ್ಲಿ ಭಕ್ತಿ ಹಾವನ್ನು ಅದರ ಪಾಡಿಗೆ ಬಿಟ್ಟು ದೂರದಿಂದಲೇ ಕೈಮುಗಿಯುತ್ತದೆ. ಹುತ್ತದ ಬಾಯಿಗೆ ಸುರಿಯುವ ಹಾಲನ್ನೂ ಕಲ್ಲಿಗೇ ಮೀಸಲಿಟ್ಟರೆ, ಒಳಗಿರುವ ಜೀವದ ನೆಲೆ ಕೆಸರಾಗುವುದು ತಪ್ಪುತ್ತದೆ.

ಮಳೆಗಾಲದಲ್ಲಿ ಹೊಲದಲ್ಲೋ ಹಿತ್ತಿಲಲ್ಲೋ ಹಾವಿನ ಮರಿ ಕಂಡವರಿಗೆ ಸಲ್ಲುವ ಮಾತೂ ಇದೇ. ಮರಿ ಚಿಕ್ಕದಿದ್ದರೂ ನಾಗರ, ಕೊಳಕುಮಂಡಲಗಳಿಗೆ ಹುಟ್ಟಿನಿಂದಲೇ ವಿಷವಿರುತ್ತದೆ. ಹಾವು ಕಡಿತದ ಪ್ರತಿಯೊಂದು ಪ್ರಕರಣವೂ ವರದಿಯಾಗಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿರುವುದು ಈ ಅಪಾಯದ ಗಾತ್ರವನ್ನು ತಿಳಿಸುತ್ತದೆ. ಮರಿಯನ್ನು ಹಿಡಿದು ಡಬ್ಬಿಯಲ್ಲಿಟ್ಟು ಹಾಲು, ಮೊಟ್ಟೆ ಕೊಡುವುದು ಅದಕ್ಕೂ ಹಿತವಲ್ಲ, ಹಿಡಿದವರಿಗೂ ಕ್ಷೇಮವಲ್ಲ, ಕಾನೂನಿಗೂ ಒಪ್ಪಿತವಲ್ಲ. ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು, ಹೊಲದಲ್ಲಿದ್ದರೆ ದಾರಿ ಬಿಡಬೇಕು. ಹೊಟ್ಟೆಯಲ್ಲಿ ಬುತ್ತಿ ಹೊತ್ತು ಬಂದ ಆ ಜೀವ ಮೊದಲ ಪೊರೆ ಕಳಚುವ ಹೊತ್ತಿಗೆ ಬದುವಿನ ಬಿರುಕಿನಲ್ಲಿ ತನ್ನ ತುತ್ತನ್ನು ತಾನೇ ಕಂಡುಕೊಳ್ಳುತ್ತದೆ, ಮುಂದೆ ಬೆಳೆದು ಅದೇ ಗದ್ದೆಯ ಇಲಿಗಳನ್ನು ಹಿಡಿಯುತ್ತದೆ. ಕಂಪ್ಲಿಯ ಬದುವಿನಲ್ಲಿ ಕೆಡವದೆ ಉಳಿಸಿದ ಹುತ್ತವೂ ಹೊಸಪೇಟೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಕವುಚಿಟ್ಟ ಮಣ್ಣಿನ ಕುಡಿಕೆಯೂ ಮರಿಹಾವಿಗೆ ಕೊಡುವುದು ಒಂದನ್ನೇ: ಯಾರ ಕಣ್ಣಿಗೂ ಬೀಳದೆ, ಯಾರ ಕೈಗೂ ಸಿಗದೆ ಉಂಡು ಮಲಗಲು ಒಂದು ಗೇಣಿನಷ್ಟು ಕತ್ತಲು.